ಹೆಪ್ಪಿಗಿಷ್ಟು

ನಮ್ಮೂರಿನ ಒಳಚರಂಡಿ ಸದ್ಯಕ್ಕೆ ಬಳೆ ಅಂಗಡಿಯ ಹುಸೇನಬಿಯ ಹತ್ತಿರ ಇದೆ. ಯಾವ ಓಣಿಯ ಕೆಳಗೆ ಯಾವ ಕೊಳವೆ ಹೋಗಿದೆ, ಎಲ್ಲಿ ತಿರುಗಿದೆ, ಎಲ್ಲಿ ಒಡೆದು ತೇಪೆ ಹಾಕಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಮನೆ ಮುಂದಿನ ಗುಂಡಿ ಮುಚ್ಚಲಿಲ್ಲವೆಂದು ಅವಳಿಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಪುರಸಭೆಗೆ ಅರ್ಜಿ ಹಾಕಿ ಇಡೀ ಊರಿನ ನಕ್ಷೆಯನ್ನೇ ಕೇಳಿಬಿಟ್ಟಳು. ಕೊಟ್ಟರು. ಕೊಟ್ಟ ಮರುಗಳಿಗೆಗೆ ಪುರಸಭೆಯ ಗೋಡೆಗಿದ್ದ ನಕ್ಷೆ ಒಗೆದು ಹರವಿದ ಪಂಚೆಯಂತೆ ಬೆಳ್ಳಗಾಯಿತು. ಎಂಜಿನಿಯರ್ ಸಾಹೇಬರ ತಲೆಯಲ್ಲಿದ್ದದ್ದೂ ಹಾಗೆಯೇ ಅಳಿಸಿಹೋಯಿತು. ಈಗ ಎಲ್ಲಾದರೂ ನೆಲ ಅಗೆಯುವುದಿದ್ದರೆ ಸಾಹೇಬರು ಅವಳ ಅಂಗಡಿ ಬಾಗಿಲಿಗೆ ಬಂದು ನಿಲ್ಲಬೇಕು. ಅವಳು ಯಾವುದೋ ಹುಡುಗಿಯ ಕೈಗೆ ಬಳೆ ಏರಿಸುತ್ತಲೇ, ತಲೆ ಎತ್ತದೆ, "ಅಲ್ಲಿ ಅಗೀಬ್ಯಾಡ್ರಿ ಸಾಹೇಬ್ರ, ನಿಮ್ಮ ಮಾವನ ಮನಿ ನೀರು ನಿಂತು ನಿಮಗ ಅಡಚಣಿ ಆಗ್ತದ. ಸ್ವಲ್ಪ ಈ ಕಡೆ ಸರೀರಿ" ಎನ್ನುತ್ತಾಳೆ. ಸಾಹೇಬರು ಕೇಳಿಸಿಕೊಂಡು ಹೋಗಿ ಅಗೆಸುತ್ತಾರೆ, ಸಂಜೆಗೆ ಮರೆಯುತ್ತಾರೆ. ಒಮ್ಮೆ ಕೈಬಿಟ್ಟು ಹೋದದ್ದನ್ನು ಯಾರಾದರೂ ತಿರುಗಿ ಹೇಳಿದರೆ ಅದು ಅವರ ತಲೆಯಲ್ಲಿ ನಿಲ್ಲುವುದಿಲ್ಲ. ಪಕ್ಕದೂರಿನ ಯಾರದೋ ಮದುವೆ ಸುದ್ದಿ ಕೇಳಿದ ಹಾಗೆ ಕೇಳಿ ಬಿಟ್ಟುಬಿಡುತ್ತಾರೆ.

ನಮ್ಮಲ್ಲಿ ಹಾಗೆ. ಪುರಸಭೆ ಹೇಳಿದ್ದು ಪುರಸಭೆಯಲ್ಲಿ ಉಳಿಯುವುದಿಲ್ಲ, ಕೇಳಿದವರ ಪಾಲಾಗುತ್ತದೆ. ಕಾಗದವಾದರೆ ಕಾಗದ ಖಾಲಿ, ಬಾಯಿಮಾತಾದರೆ ಹೇಳಿದವನ ತಲೆ ಖಾಲಿ. ಇದು ಯಾವಾಗಿನಿಂದ, ಯಾಕೆ ಎಂದು ನನ್ನನ್ನು ಕೇಳಬೇಡಿ. ಹಿಂದೆ ಯಾರೋ ಪುರಸಭೆಯನ್ನೇ ಕೇಳಿದರಂತೆ. ಉತ್ತರ ತೆಗೆದುಕೊಂಡು ಬೇರೆ ಊರಿಗೆ ಹೋಗಿಬಿಟ್ಟರಂತೆ.

ನಾನು ತುಳಜವ್ವ. ಪುರಸಭೆಯ ಗೇಟಿನ ಹೊರಗೆ, ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆದುಕೊಡುವವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮೊದಲು ಅದೇ ಜಾಗದಲ್ಲಿ ಶೇಂಗಾ ಮಾರುತ್ತಿದ್ದೆ, ಪೊಟ್ಟಣ ಕಟ್ಟಲು ತಂದ ಹಳೆಯ ಕಾಗದಗಳನ್ನು ನೋಡುತ್ತ ನೋಡುತ್ತ, ಬಂದುಹೋಗುವವರನ್ನು ಕೇಳುತ್ತ ಅಕ್ಷರ ಹಿಡಿದೆ. ನಾನು ಪೂರ್ತಿಯಾಗಿ ಓದಿದ ಮೊದಲ ವಾಕ್ಯ 'ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂಬುದು. ಅದರ ಮುಂದಿನದು ಹರಿದುಹೋಗಿತ್ತು. ಏನು ವಿನಂತಿಸಿಕೊಂಡಿದ್ದರೋ ಎಂದು ಬಹಳ ದಿನ ಯೋಚಿಸಿದೆ. ಬಹುಶಃ ಅದಕ್ಕೇ ಈ ಕೆಲಸಕ್ಕೆ ಬಿದ್ದೆ.

ಅರ್ಜಿ ಬರೆಸಲು ಬಂದವರಿಗೆ ನಾನು ಮೊದಲು ಹೇಳುವ ಮಾತು, "ಹೆಪ್ಪಿಗಿಷ್ಟು ಬಿಟ್ಟು ಕೇಳ್ರಿ." ಮೊಸರೆಲ್ಲ ಉಂಡು ಗಡಿಗೆ ತೊಳೆದಿಟ್ಟರೆ ನಾಳೆಯ ಹಾಲಿಗೆ ಏನು ಹಾಕುತ್ತೀರಿ? ಬೀದಿ ದೀಪದ ವಿಷಯ ಕೇಳುವವರು ಕೊನೆಯ ಕಂಬವನ್ನು ಬಿಟ್ಟು ಕೇಳುತ್ತಾರೆ. ಆ ಒಂದು ಕಂಬ ನೆನಪಿದ್ದರೆ ಸಾಕು, ಲೈನ್‌ಮನ್ ಅದರ ತಂತಿಯ ಕೆಳಗೆ ನಡೆಯುತ್ತ ಉಳಿದ ಕಂಬಗಳನ್ನು ತಾನೇ ಹುಡುಕಿಕೊಳ್ಳುತ್ತಾನೆ. ಬೇರೆಯವರು ಹೇಳಿದ್ದು ನಿಲ್ಲದಿದ್ದರೂ ತಾನೇ ನಡೆದು ಕಂಡದ್ದು ನಿಲ್ಲುತ್ತದೆ. ಹುಸೇನಬಿಯನ್ನು ಇವತ್ತಿಗೂ ಹೆಂಗಸರು ನಲ್ಲಿಯ ಹತ್ತಿರ "ಬಂದ್ಳು ನೋಡ್ರೇ ಗಡಿಗಿ ಕೆರದಾಕಿ" ಎಂದು ಕಾಡುತ್ತಾರೆ. ಅವಳೂ ಬಿಡುವವಳಲ್ಲ. "ಹೌದು, ಕೆರದೀನಿ. ನಿಮ್ಮ ನಿಮ್ಮ ಮನಿ ಗಲೀಜು ಎಲ್ಲಿಗೆ ಹೋಗ್ತದ ಅಂತ ನನಗ ಗೊತ್ತದ, ಹೇಳ್ಲ್ಯಾ?" ಎನ್ನುತ್ತಾಳೆ.

ನಮ್ಮೂರಿನಲ್ಲಿ ಪುರಸಭೆಯ ನೌಕರರಿಗೆ ಹೆಂಡಂದಿರು ಸಂಜೆ "ಇವತ್ತು ಏನೇನಾಯ್ತು" ಎಂದು ಕೇಳುವುದಿಲ್ಲ. ಡ್ಯೂಟಿಯ ಮೇಲೆ ಕಂಡದ್ದು, ಕೇಳಿದ್ದು ಎಲ್ಲವೂ ಪುರಸಭೆಯದೇ ಎಂಬ ಲೆಕ್ಕ. ಹೇಳಿದರೆ ಹೋಗುತ್ತದೆ. ಹಾಗಾಗಿ ಆ ಮನೆಗಳಲ್ಲಿ ಅಡುಗೆಯ ವಿಷಯ, ಸೊಳ್ಳೆಯ ವಿಷಯ ಬಹಳ ಮಾತಾಡುತ್ತಾರೆ. ಮೈಲಾರಿಗೆ ಹೆಂಡತಿಯೂ ಇಲ್ಲ. ಅವನು ಪುರಸಭೆಯ ಹೆಣದ ವ್ಯಾನು ಓಡಿಸುವವನು. ಹಸುಗೂಸಾಗಿದ್ದಾಗ ಸಂತೆ ಕಟ್ಟೆಯ ಮೇಲೆ ಸಿಕ್ಕವನು. ಕಸ ಗುಡಿಸುವವರ ಓಣಿಯಲ್ಲಿ ಒಬ್ಬರ ಮನೆಯ ಅಂಬಲಿ ಕುಡಿದು, ಇನ್ನೊಬ್ಬರ ಮನೆಯ ಕೌದಿ ಹೊದ್ದು ಬೆಳೆದ. ಎಲ್ಲರೂ ಅವನಿಗೆ ಊಟ ಹಾಕಿದರು. ಮಗ ಎಂದು ಕರೆಯಲು ಮಾತ್ರ, ಅವರವರ ಮಕ್ಕಳು ಪಕ್ಕದಲ್ಲೇ ಕೂತಿದ್ದವಲ್ಲ, ಯಾರಿಗೂ ತೋಚಲಿಲ್ಲ. ದಿನಾ ನನ್ನ ಜೊತೆ ಗಿಡದ ಕೆಳಗೆ ಚಹಾ ಕುಡಿಯುತ್ತಾನೆ. ಒಮ್ಮೆ ಯಾವುದೋ ಮಾತಿಗೆ, "ಒಂದಿನ ಮಟ್ಟಿಗೆ ನನಗೂ ಒಬ್ರು ಇದ್ರು ಯಕ್ಕಾ" ಎಂದ. ನಾನು ಕಪ್ಪು ತೊಳೆಯತೊಡಗಿದೆ. ಯಾರೆಂದು ಕೇಳಲಿಲ್ಲ.

ಆ ಒಬ್ಬರು ಯಾರು ಎಂಬುದು ಜಯಶೀಲಾ ಎಂಬ ಹೆಣ್ಣುಮಗಳ ಅರ್ಜಿ ಅಂಚೆಯಲ್ಲಿ ಬಂದಾಗ ಗೊತ್ತಾಯಿತು. ಹೊಳೆಯಾಚೆ, ಬಹಳ ದೂರದ ಊರಿನವಳು. ಅವಳ ತಂದೆ ಮರಿಚನ್ನಯ್ಯ ಮನೆಯಿಂದ ಹೊರಟು ತಪ್ಪಿಸಿಕೊಂಡು, ಹೇಗೋ ನಮ್ಮೂರಿಗೆ ಬಂದು ಇಲ್ಲೇ ತೀರಿಕೊಂಡಿದ್ದರು. ಗುರುತು ಗೊತ್ತಿಲ್ಲದ ಹೆಣವೆಂದು ಪುರಸಭೆಯೇ ಮಣ್ಣು ಮಾಡಿತ್ತು. ಕೊನೆಗೆ ಅವರ ಪಕ್ಕದಲ್ಲಿದ್ದವನು ಮೈಲಾರಿ ಒಬ್ಬನೇ. ಪೊಲೀಸರ ಹತ್ತಿರವಿದ್ದ ಫೋಟೋದಿಂದ ಅವಳಿಗೆ ಈಗ ಸುಳಿವು ಸಿಕ್ಕಿತ್ತು. ಅರ್ಜಿಯನ್ನು ತನ್ನ ಕೈಯಾರೆ ಬರೆದಿದ್ದಳು. ನಮ್ಮೂರಿನ ರೂಢಿ ಗೊತ್ತಿಲ್ಲದವಳು, ಪಾಪ. 'ನನ್ನ ತಂದೆಯ ಕೊನೆಯ ಗಳಿಗೆಯ ಬಗ್ಗೆ ತಮಗೆ ಗೊತ್ತಿರುವುದೆಲ್ಲವನ್ನೂ, ಒಂದನ್ನೂ ಬಿಡದೆ ತಿಳಿಸತಕ್ಕದ್ದು.'

ಮುಖ್ಯಾಧಿಕಾರಿ ಇಟಗಿ ಸಾಹೇಬರು ಕೆಟ್ಟವರಲ್ಲ. ಮೈಲಾರಿಯನ್ನು ಕರೆಸಿ, ಕೂಡಿಸಿ, ನೀರು ಕೊಟ್ಟು ಹೇಳಿದರಂತೆ, "ಕಾಗದದಾಗ ಏನೂ ಇಲ್ಲಪ. ಇದ್ದದ್ದೆಲ್ಲಾ ನಿನ್ನ ಹತ್ರನ ಅದ. ಆಕಿ ಗುರುವಾರ ತಾನ ಬರ್ತಾಳ. ಕೇಳಿದ್ದು ಕೊಡಬೇಕು. ನಾ ತಡೀಲಿಕ್ಕೆ ಬರೂದಿಲ್ಲ."

ಮೈಲಾರಿ ಗಿಡದ ಕೆಳಗೆ ಬಂದು ಕೂತ. ಚಹಾಕ್ಕೆ ಕೆನೆ ಕಟ್ಟಿತು.

"ಯಕ್ಕಾ, ಗೊತ್ತಿಲ್ಲ ಅಂದ್ರ ಏನಾಗ್ತದ?"

"ಏನೂ ಆಗಂಗಿಲ್ಲ. ಗೊತ್ತಿಲ್ಲ ಅಂತ ಬರದು ಕಳಸ್ತಾರ."

"ಅಷ್ಟನ?"

"ಅಷ್ಟ."

ಕಪ್ಪನ್ನು ತಿರುಗಿಸಿದ. "ನನ್ನ ಹತ್ರ ಇರೂದು ಅದೊಂದ ಯಕ್ಕಾ. ರಾತ್ರಿ ಮಲಗೂ ಮುಂದ ಅದನ್ನ ತಗದು ನೋಡ್ಕೊಂಡು ಮಲಗ್ತೀನಿ. ಕೊಟ್ರ, ನಾ ಏನು ನೋಡ್ಲಿ? ಆದ್ರ..." ಎಂದು ನಿಲ್ಲಿಸಿದ. "ಆ ಮುದುಕಪ್ಪನ ನೆನಪು ಇಟ್ಕೊಂಡು, ಅವ್ರ ಮಗಳಿಗೇ ಸುಳ್ಳು ಹೇಳಿದ್ರ, ಆಮ್ಯಾಲೆ ಆ ನೆನಪರ ನನ್ನ ಮಾರಿ ನೋಡ್ತದೇನು?"

ಸುಳ್ಳು ಹೇಳು ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಗುರುವಾರ ಬಸ್ಸಿಳಿದು ಬಂದ ಜಯಶೀಲಾಳನ್ನು ಗೇಟಿನಲ್ಲೇ ಹಿಡಿದೆ. ನಲವತ್ತು ದಾಟಿದ ಹೆಂಗಸು, ಹೆಗಲಿಗೆ ಬಟ್ಟೆಯ ಚೀಲ, ಪ್ರಯಾಣದಲ್ಲಿ ನಿದ್ದೆಗೆಟ್ಟ ಕಣ್ಣು. ಕೂಡಿಸಿ, ಚಹಾ ಕೊಟ್ಟು, ನಮ್ಮೂರಿನ ರೂಢಿ ಹೇಳಿದೆ. ಹೇಳಿದವನಿಗೆ ಮರೆಯುತ್ತದೆ, ಅವನಿಗೆ ಅದೊಂದೇ ಇರುವುದು, ಹೆಪ್ಪಿಗಿಷ್ಟು ಬಿಡು ತಂಗೀ ಎಂದೆ. ಅವಳು ಕಪ್ಪನ್ನು ಕೆಳಗಿಟ್ಟಳು.

"ಏನಮ್ಮ, ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡ್ದಂಗೆ ಮಾಡ್ತಿದ್ದೀರಲ್ಲ! ಸತ್ತಿರೋದು ನಮ್ಮಪ್ಪ. ನಮ್ಮಪ್ಪನ ಮಾತು ನಂಗೆ ಸೇರಿದ್ದು. ಅರ್ಧ ಯಾಕೆ ಕೇಳ್ಲಿ ನಾನು? ಅದೂ ಯಾರೋ ವ್ಯಾನ್ ಡ್ರೈವರ್‌ಗೋಸ್ಕರ?"

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನಿನ್ನ ಮಾತು ಖರೇನ ತಂಗೀ ಎಂದೆ. ಅದಕ್ಕೇ ಇರಬೇಕು, ಅವಳು ಮೆತ್ತಗಾದಳು.

"ಕೊನೇ ವರ್ಷ ಅವರಿಗೆ ಅರುಳು ಮರುಳು. ನಾನು ಯಾರು ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ದಿನಾ ಬೆಳಗ್ಗೆ ಎದ್ದು, ಯಾರಮ್ಮ ನೀನು, ಯಾರ ಮನೆಯೋಳು, ಅನ್ನೋರು. ನಿಮ್ಮ ಮಗಳು ಜಯ ಅಂದ್ರೆ, ಹೋಗೋಗು, ತಮಾಷೆ ಮಾಡ್ಬೇಡ ಅನ್ನೋರು. ಒಂದಿನ ನಾನು ಒಲೆ ಮೇಲಿನ ಹಾಲು ಇಳಿಸಿ ಬರೋದ್ರೊಳಗೆ ಹೊರಟೋಗಿದ್ರು. ಕೊನೇಲಾದ್ರೂ ನಾನು ನೆನಪಾದ್ನಾ ಇಲ್ವಾ, ಅಷ್ಟು ಗೊತ್ತಾಗ್ಬೇಕು ನಂಗೆ. ಅದು ಅವರ ಮಾತಲ್ಲಿ ಎಲ್ಲಿದೆಯೋ ಏನೋ. ಯಾವುದನ್ನ ಅಂತ ಬಿಡ್ಲಿ ಹೇಳಿ?"

ಆಮೇಲೆ ಎದ್ದು ಸೀರೆ ಕೊಡವಿಕೊಂಡು, "ನೀವೂ ಒಳಗೆ ಬನ್ನಿ. ನಿಮ್ಮ ಕಡೆ ಮಾತು ನಂಗೆ ಪೂರ್ತಿ ಅರ್ಥ ಆಗಲ್ಲ" ಎಂದಳು.

ಇಟಗಿ ಸಾಹೇಬರು ತಮ್ಮ ಕಚೇರಿ ಪಕ್ಕದ ಸಣ್ಣ ಕೋಣೆ ಬಿಟ್ಟುಕೊಟ್ಟು ಹೊರಗೆ ನಿಂತರು. ಮೈಲಾರಿ ಸ್ನಾನ ಮಾಡಿ, ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಅವಳನ್ನು ಕಂಡೊಡನೆ ಎದ್ದು ನಿಂತು ಕೈ ಮುಗಿದ. ಅವಳ ಮುಖದಲ್ಲಿ ತಂದೆಯ ಹೋಲಿಕೆಯನ್ನು ಹುಡುಕುತ್ತಿದ್ದ, ಸಿಕ್ಕಿತೆಂದು ಕಾಣುತ್ತದೆ, ಹುಬ್ಬಿನ ಹತ್ತಿರ ಕಣ್ಣು ನಿಂತಿತು.

"ಅವ್ರ ಮಾತು ಅವ್ರು ಹೇಳಿದಂಗ ಹೇಳ್ತೀನ್ರಿ" ಎಂದು ಶುರು ಮಾಡಿದ. "ಸುಂಕದ ಕಟ್ಟೀ ಹತ್ರ ಹೆಣ ಬಿದ್ದದ, ಗಾಡಿ ತಗೊಂಡು ಬಾ ಅಂತ ಫೋನ್ ಬಂತ್ರಿ. ಮಧ್ಯಾಹ್ನ. ಹೋದೆ. ಚಾದರ ಹೊಚ್ಚಬೇಕು ಅಂತ ಬಗ್ಗಿದ್ರ, ಕಣ್ಣು ತಗದು, 'ಬಿಸಿಲಿಗೆ ಅಡ್ಡ ನಿಂತ್ಕೋಬ್ಯಾಡ ಕಣ್ಲಾ, ಚಳಿ ಆಯ್ತದೆ' ಅಂದ್ರು. ಚಾದರ ಅಲ್ಲೇ ಬಿಟ್ಟು ಹಿಂದ ಸರದೆ."

ಜಯಶೀಲಾಳ ಬಾಯಿಂದ ನಗೆಯಂಥದ್ದೊಂದು ಹೊರಬಿತ್ತು. ಅವಳ ಊರಿನ ಮಾತು, ಅವಳ ತಂದೆಯ ದನಿ, ಈ ಕಡೆಯ ಮನುಷ್ಯನ ಬಾಯಲ್ಲಿ.

"ನನ್ನ ಗಾಡ್ಯಾಗ ಜೀವ ಇದ್ದವ್ರನ್ನ ಹಾಕ್ಕೊಳ್ಳೂ ಹಂಗಿಲ್ರಿ. ದವಾಖಾನಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಬಂತು, ಬಂತು ಅಂದ್ರು. ಬರೂತನಕ ಬಾಜೂಕ ಕುಂತೆ. ನನ್ನ ಹತ್ರ ಒಂದು ಬಾಳಿಹಣ್ಣಿತ್ತು. ಸುಲದು ಕೊಟ್ಟೆ. ಅರ್ಧ ಮುರದು ನನ್ನ ಕೈಯಾಗಿಟ್ರು. 'ನಿಂದೂ ಹೊಟ್ಟೆ ಅಲ್ವೇನ್ಲಾ' ಅಂದ್ರು. ಕುತ್ತಿಗೀ ಗುಂಡಿ ಹಾಕ್ಕೋ ಅಂತ ನನಗ ಬೈದ್ರು. ಹಾಕ್ಕೊಂಡೆ."

"ಅಪ್ಪಾನೇ" ಎಂದಳು ಜಯಶೀಲಾ. ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು. "ಅಪ್ಪಾನೇ ಅದು. ಆ ಹಣ್ಣು ಪಚ್ಚಬಾಳೆನಾ? ಪಚ್ಚಬಾಳೆ ಆದ್ರೆ ಮುಟ್ತಾನೇ ಇರ್ಲಿಲ್ವಲ್ಲ."

"ಯಾವ ಹಣ್ಣ್ರಿ?" ಎಂದ ಮೈಲಾರಿ.

"ಈಗ ಹೇಳಿದ್ರಲ್ಲ. ಅರ್ಧ ಮುರಿದು ಕೊಟ್ರು ಅಂತ."

ಅವನು ನನ್ನ ಕಡೆ ನೋಡಿದ. ಆಮೇಲೆ ತನ್ನ ಅಂಗೈ ಬಿಚ್ಚಿ, ಅದರಲ್ಲಿ ಏನಾದರೂ ಇದೆಯೇ ಎಂಬಂತೆ ನೋಡಿಕೊಂಡ. "ಹೇಳೀನೇನು?" ಎಂದ. ಯಾರ ಮೇಲೂ ದೂರಿಲ್ಲದ ದನಿ ಅದು. ಪೇಟೆಯಲ್ಲಿ ಚೀಲ ತೂತಾಗಿ ಏನೇನು ಬಿತ್ತೋ ತಿಳಿಯದೆ ನಿಂತವನ ಹಾಗಿದ್ದ. "ಇರ್ಲಿ ಬಿಡ್ರಿ. ಮುಂದಿಂದು ಅದ."

ಜಯಶೀಲಾ ನನ್ನತ್ತ ತಿರುಗಿದಳು. ಗಿಡದ ಕೆಳಗೆ ನಾನು ಹೇಳಿದ್ದನ್ನು ಅವಳು ಆಗ ನಂಬಿರಲಿಲ್ಲ, ಯಾವುದೋ ಊರಿನ ಮುದುಕಿಯ ಹರಟೆ ಎಂದುಕೊಂಡಿದ್ದಳು. ನಾನು ತಲೆಯಾಡಿಸಿದೆ. ಅವಳ ನಗು ಅಲ್ಲಿಗೇ ನಿಂತಿತು.

ಮೈಲಾರಿ ಅವಸರದಲ್ಲಿದ್ದ, ಎಲ್ಲಿ ತನಗೇ ಮನಸ್ಸು ತಿರುಗುತ್ತದೋ ಎಂದು. "ಆಮ್ಯಾಲೆ ಮನೀ ಮಾತು ತಗದ್ರು. 'ನಮ್ಮನೇಲಿ ಒಬ್ಳು ಹೆಣ್ಮಗಳವ್ಳೆ. ಯಾರೋ ಏನೋ, ಕೇಳುದ್ರೆ ಏನೇನೋ ಹೇಳ್ತಾಳೆ. ದಿನಾ ಬಿಸ್ನೀರು ಉಯ್ತಾಳೆ. ಬಯ್ಕೊಂಡು ಬಯ್ಕೊಂಡೇ ಉಯ್ತಾಳೆ. ಕಿವಿ ಹಿಂದೆ ಒರುಸ್ತಾಳೆ ಕಣ್ಲಾ, ನಮ್ಮವ್ವ ಒರುಸ್ತಿದ್ದಂಗೆ. ಅವಳ್ನ ಹೆತ್ತೋರು ಯಾರೋ, ಪುಣ್ಯ ಮಾಡಿದ್ರು' ಅಂದ್ರು."

ಜಯಶೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೈಲಾರಿ ಕಾದ. ಅವಳಿಗೆ ಉಸಿರು ತಿರುಗಲೆಂದು ಕಾದ. ಆಮೇಲೆ ತಲೆ ತಗ್ಗಿಸಿದ. ಅವನ ಬಲಗೈ ತಾನಾಗಿ ಮೇಲೆದ್ದು, ಅವನದೇ ತಲೆಯ ಮೇಲೆ ಹೋಗಿ ಕೂತಿತು.

"ಆಮ್ಯಾಲೆ ಅವ್ರು..." ಎಂದ.

"ಸಾಕು" ಎಂದಳು ಜಯಶೀಲಾ.

ಅವನಿಗೆ ಅರ್ಥವಾಗಲಿಲ್ಲ. "ಇನ್ನೊಂದೀಟು ಅದ್ರಿ. ಕಡೀದು. ನೀವು ಒಂದನ್ನೂ ಬಿಡದಂಗ ಅಂತ ಬರದೀರಿ."

"ಬರ್ದಿದ್ದೆ. ಈಗ ಸಾಕು ಅಂತಿದ್ದೀನಿ. ಹೇಳ್ಬೇಡಿ." ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಎತ್ತಿ ನಿಲ್ಲಿಸಲೂ ಇಲ್ಲ, ಮುಂದಿನ ಮಾತು ಎಲ್ಲಿ ಕಿವಿಗೆ ಬೀಳುತ್ತದೋ ಎಂಬಂತೆ ಬಾಗಿಲಿಗೆ ಹೋದಳು. ಅಲ್ಲಿ ಸಾಹೇಬರು ಕಾಗದ ಹಿಡಿದು ನಿಂತಿದ್ದರು.

"ಕೇಳಿದ್ದು ಪೂರ್ತಿ ಸಿಕ್ತೇನ್ರಿ? ಇಲ್ಲಾ ಅಂದ್ರ ಹಂಗಂತ ಬರೀಬೇಕಾಗ್ತದ."

"ಪೂರ್ತಿ ಸಿಕ್ತು" ಎಂದು ಸಹಿ ಹಾಕಿದಳು.

ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಅವಳ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ನನ್ನ ಹೊಟ್ಟೆಯಲ್ಲಿ ಕೇಳದೆ ಉಳಿದದ್ದು ಯಾವುದೂ ಕರಗುವುದಿಲ್ಲ, ಕೇಳಿಯೇಬಿಟ್ಟೆ. "ತಂಗೀ, ಆಮ್ಯಾಲೆ ನಿನ್ನ ಹೆಸರೇ ಹೇಳಿದ್ರೋ ಏನೋ. ನೀ ಬಂದದ್ದು ಅದಕ್ಕ ಅಲ್ಲೇನು?"

ಅವಳು ಮೂಗು ಒರೆಸಿಕೊಂಡಳು. "ಹೆಸರು ನೆನಪಿದ್ದಾಗ್ಲೆಲ್ಲ ನಮ್ಮಪ್ಪ ನನ್ನ ಕರೀತಿದ್ದಿದ್ದು ಬಯ್ಯೋಕೇ. ಜಯಾ, ಉಪ್ಪು ಹಾಕಿಲ್ಲ. ಜಯಾ, ಬಾಗ್ಲು ಹಾಕಿಲ್ಲ. ಹೆಸರು ಮರೆತ್ಮೇಲೆ ಹೊಗಳಿದಾರೆ ನೋಡಿ. ನಂಗೆ ಅದು ಸಾಕು." ಚೀಲವನ್ನು ಮಡಿಲಿಗೆ ಎಳೆದುಕೊಂಡು, "ಆ ಅಣ್ಣ ತಲೆ ಮೇಲೆ ಕೈ ಇಟ್ಕೊಂಡ್ರಲ್ಲ, ಅದನ್ನ ನೋಡಿದ್ರಾ? ನಮ್ಮಪ್ಪ ನನ್ನ ತಲೆ ಮೇಲೆ ಯಾವತ್ತೂ ಕೈ ಇಟ್ಟೋರಲ್ಲ. ಅದು ನನ್ನದಲ್ಲ ಅನ್ನಿಸ್ತು" ಎಂದಳು. ಹಾಗೆ ಹೇಳುವಾಗ ಅವಳ ದನಿ ಸ್ವಲ್ಪ ಒಡೆಯಿತು, ಸುಳ್ಳು ಹೇಳಲಾರೆ. ನಾನು ಅವಳ ಬೆನ್ನು ಸವರಿ, ಕೆಲಸವಿದೆಯೆಂದು ಎದ್ದು ಬಂದೆ.

ಮೈಲಾರಿ ಬೇವಿನ ಗಿಡದ ಕೆಳಗೆ, ವ್ಯಾನಿನ ಬಾಗಿಲು ತೆರೆದಿಟ್ಟುಕೊಂಡು ನನಗಾಗಿ ಕಾಯುತ್ತಿದ್ದ. ಅಳುತ್ತಿರಬಹುದು ಎಂದು ಹೆದರಿಕೊಂಡೇ ಬಂದಿದ್ದೆ. ನೋಡಿದರೆ ಅವನ ಮುಖ ಮದುವಣಿಗನ ಹಾಗಿತ್ತು.

"ಎಲ್ಲಿ ಹೋಗಿದ್ದೆ ಯಕ್ಕಾ? ಆ ಯವ್ವ ಯಾರು, ಏನು ಕೇಳಾಕ ಬಂದಿದ್ರು?" ಹೇಳಿದ ಮಾತಿನ ಜೊತೆಗೆ ಆ ಮುದುಕಪ್ಪ ಯಾರು, ಈ ಮಗಳು ಯಾರು ಎಂಬುದೂ ಅವನ ತಲೆಯಿಂದ ಹೋಗಿತ್ತು.

"ಯಾರದೋ ವಿಷಯಕ್ಕ ಬಂದಿದ್ಲು. ನೀ ಹೇಳ್ದಿ. ತಗೊಂಡು ಹೋದ್ಲು."

"ಒಳ್ಳೇದಾತು ಬಿಡು." ಅವನಿಗೆ ಅದು ಮುಖ್ಯವಾಗಿರಲಿಲ್ಲ. ಹತ್ತಿರ ಸರಿದ. "ಯಕ್ಕಾ, ನನಗ ನಮ್ಮಪ್ಪ ನೆನಪಾದ."

ನಾನು ಕೂರಲು ಹೋದವಳು ಹಾಗೇ ನಿಂತೆ.

"ಹಡದಪ್ಪ, ಯಕ್ಕಾ! ಕೂಸಿದ್ದಾಗ ಬಿಟ್ಟು ಹೋದ್ರು ಅಂತಾರಲ್ಲ, ಸುಳ್ಳು. ಒಂದೀಟು ದಿನರ ನನ್ನ ಜೋಡಿ ಇದ್ದಿರಬೇಕು. ಇಲ್ಲಾಂದ್ರ ಇಷ್ಟು ಚೊಲೋ ಹೆಂಗ ನೆನಪಿರ್ತದ?" ಅವನ ಕೈ ಮತ್ತೆ ತಲೆಯ ಮೇಲೆ ಹೋಯಿತು. ಕೂದಲನ್ನು ಮೆಲ್ಲಗೆ ಒತ್ತಿಕೊಂಡ, ಅಲ್ಲಿ ಇನ್ನೊಂದು ಕೈ ಇದ್ದಂತೆ, ಅದು ಎಲ್ಲಿ ಜಾರುತ್ತದೋ ಎಂಬಂತೆ. "ಮುಂದಿಲ್ಲ, ಹಿಂದಿಲ್ಲ. ಅದೊಂದ. ಯಾವ ಊರು, ಯಾವ ಮನಿ, ಏನೂ ಗೊತ್ತಿಲ್ಲ. ಆದ್ರ ಬಿಸಿಲಿತ್ತು ಯಕ್ಕಾ. ಬೆಚ್ಚಗಿತ್ತು. ಅವ್ರು ನನಗ ಏನಂದ್ರು ಗೊತ್ತೇನು?"

ಬಸ್ ನಿಲ್ದಾಣದ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಇನ್ನೂ ಹತ್ತಿರಲಿಕ್ಕಿಲ್ಲ. ಮೈಲಾರಿಯ ಬಾಯಲ್ಲಿರುವುದು '‍ಜಯಾ' ಎಂಬ ಮಾತೇ ಆಗಿದ್ದರೆ, ನಾನು ಓಡಿದರೆ, ಕಿಟಕಿಯಿಂದಲಾದರೂ ಅವಳಿಗೆ ಕೊಡಬಹುದಿತ್ತು. ಆದರೆ ಏನೇ ಆಗಿದ್ದರೂ, ಹೇಳಿದ ಗಳಿಗೆಗೆ ಈ ಮನುಷ್ಯನ ಮುಖದ ಬೆಳಕು ನನ್ನ ಕಣ್ಣೆದುರೇ ಆರಿಹೋಗಿ, ಯಾಕೆ ನಗುತ್ತಿದ್ದೆನೆಂದು ಅವನು ನನ್ನನ್ನೇ ಕೇಳುತ್ತಿದ್ದ. ಹಸಿವೆಯಂತೆ ಕೇಳುವ ಆಸೆಯಾಯಿತು ನನಗೆ. ಜನರ ಮಾತೆಂದರೆ ನಾನು ಹೀಗೆಯೇ, ಎಂದಿನಿಂದಲೂ.

"ಹೇಳಬ್ಯಾಡ" ಎಂದೆ.

"ಯಾಕ?"

"ಅಪ್ಪ ಮಗನ ನಡುವಿನ ಮಾತು ಮಂದಿ ಮುಂದ ಹೇಳೂದಲ್ಲ."

"ಹೌದೇನು? ನನಗ ಗೊತ್ತಿರಲಿಲ್ಲ." ಎಲ್ಲರ ಮನೆಯಲ್ಲೂ ನಡೆಯುವ ರೀತಿಯೊಂದನ್ನು ಈಗಷ್ಟೇ ಕಲಿತವನ ಗಾಂಭೀರ್ಯ ಅವನ ಮುಖದಲ್ಲಿ ಬಂತು. "ನಿನ್ನ ಮುಂದನೂ ಹೇಳಬಾರದೇನು?"

"ನನ್ನ ಮುಂದನೂ."

ಅವನು ತಲೆಯಾಡಿಸಿದ. ಆಮೇಲೆ, ಬಾಯಲ್ಲಿ ಸಕ್ಕರೆ ಇಟ್ಟುಕೊಂಡವನ ಹಾಗೆ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಹೋಗಿ ಬರುತ್ತೇನೆಂದು ಕೈಯಿಂದಲೇ ಹೇಳಿ ವ್ಯಾನು ಹತ್ತಿದ.